ಅಮ್ಮನ ಮಡಿ ಫ್ರಿಜ್ಜಿನಲ್ಲಿ ಹಾರ್ಮೋನು

ಸುಳ್ಳು ಹೇಳುವುದು ತಪ್ಪು ಎಂದು ನನಗೆ ಎಂದೂ ಅಷ್ಟಾಗಿ ಅನ್ನಿಸಿದ್ದಿಲ್ಲ. ಹೇಳಿದ ಸುಳ್ಳಿಗೆ ಒಗ್ಗರಣೆ ಹಾಕುವುದಿದೆಯಲ್ಲ, ಅದು ತಪ್ಪು. ಜಾಣರು ಒಂದು ಸುಳ್ಳು ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ವರ್ಷಾನುಗಟ್ಟಲೆ ಪಾಠ ಹೇಳಿದ ಬಾಯಿ. ಕೇಳಿದ್ದಕ್ಕಿಂತ ಎರಡು ಮಾತು ಹೆಚ್ಚಿಗೆ ವಿವರಿಸದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಹೀಗೆ ಹೆಚ್ಚಿಗೆ ಆಡಿದ ಎರಡು ಮಾತಿನಿಂದ ನನ್ನ ಆರು ವರ್ಷದ ಸಂಶೋಧನೆ ನಮ್ಮ ಬೀದಿಯ ಗಂಡಸರ ಹೊಟ್ಟೆ ಸೇರಿತು. ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ಆದರೆ ಬಾಯಿಯ ವಿಷಯ ಈಗಲೇ ಹೇಳಿದೆನಲ್ಲ.

ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ನನ್ನ ಸಂಶೋಧನೆ ಗೆಂಡೆ ಮೀನಿನ ಮೇಲೆ. ಹೊಳೆಯ ಮೀನು ತೊಟ್ಟಿಯಲ್ಲಿದ್ದರೆ ಹೊಟ್ಟೆ ತುಂಬ ಮೊಟ್ಟೆ ಕಟ್ಟುತ್ತದೆ, ಇಡುವುದಿಲ್ಲ. ಅದಕ್ಕೊಂದು ಹಾರ್ಮೋನಿನ ಸೂಜಿ ಚುಚ್ಚಬೇಕು. ಎಷ್ಟು ಕಡಿಮೆ ಚುಚ್ಚಿದರೆ ಸಾಕು ಎಂಬುದೇ ನನ್ನ ಪ್ರಶ್ನೆ. ಹುಟ್ಟಿದಾರಭ್ಯ ಮೀನು ತಿನ್ನದ ವೈಷ್ಣವರ ಮನೆಯವನು ಮೀನಿನ ಸೂಲಗಿತ್ತಿಯಾದನಲ್ಲ ಎಂದು ನೆಂಟರು ಮದುವೆ ಮನೆಗಳಲ್ಲಿ ನಗುತ್ತಿದ್ದರು. ನಗಲಿ ಬಿಡಿ. ಆ ಹಾರ್ಮೋನು ಬಸುರಿ ಹೆಂಗಸರ ಮೈಯಲ್ಲಿ ಹುಟ್ಟುವಂಥದ್ದು. ಅವರ ಮೂತ್ರದಿಂದ ಬೇರ್ಪಡಿಸಿ, ಬಿಳಿ ಪುಡಿ ಮಾಡಿ, ಹೆಬ್ಬೆರಳಿನಷ್ಟು ಸೀಸೆಯಲ್ಲಿ ಮುಚ್ಚಿ ಕಳಿಸುತ್ತಾರೆ. ಮೇಲೆ 'ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಯಾವಾಗಲೂ ತಣ್ಣಗಿರಬೇಕು. ಆ ವರ್ಷ ನನ್ನ ಬಳಿ ಉಳಿದಿದ್ದದ್ದು ಒಂದೇ ಸೀಸೆ, ಬಾಕಿ ಇದ್ದದ್ದು ಕೊನೆಯ ಒಂದು ಪ್ರಯೋಗ. ಈ ಮಳೆಗಾಲದಲ್ಲಿ ಮುಗಿಸದಿದ್ದರೆ ಪಿಎಚ್.ಡಿ.ಯನ್ನು ಮರೆತುಬಿಡಿ ಎಂದು ನನ್ನ ಗೈಡು ಫೋನಿನಲ್ಲೇ ತಿಥಿ ಇಟ್ಟಿದ್ದರು.

ಸೀಸೆ ಕಾಲೇಜಿನ ಫ್ರಿಜ್ಜಿನಲ್ಲಿತ್ತು. ಫ್ರಿಜ್ಜು ಸಂಡೂರು ಕಡೆಯ ಒಬ್ಬ ಗಣಿ ಧಣಿಯ ದಾನ. ಬಾಗಿಲ ತುಂಬ ಅವರ ಹೆಸರು. ಅದಿರು ಚೀನಾಕ್ಕೆ ಹೋಗತೊಡಗಿದ ಮೇಲೆ ನಮ್ಮೂರಲ್ಲಿ ಎರಡು ವಸ್ತು ಹೆಚ್ಚಾದವು: ಕೆಂಪು ಧೂಳು ಮತ್ತು ಸನ್ಮಾನ. ವಾರಕ್ಕೊಬ್ಬ ಧಣಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಹಾರ ಬಾಡಬಾರದೆಂದು ಹಿಂದಿನ ದಿನವೇ ತಂದು ಪ್ರಯೋಗಾಲಯದ ಫ್ರಿಜ್ಜಿಗೆ ತುರುಕುತ್ತಿದ್ದರು. ಒಂದು ದಿನ ಪ್ರಿನ್ಸಿಪಾಲರು ನನ್ನ ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು.

"ನೋಡ್ರಿ, ಆಳೆತ್ತರದ ಹಾರ ಬಂದಾವ. ಜಾಗ ಸಾಲವಲ್ದು. ಇದನ್ನ ಮನಿಗೆ ಒಯ್ರಿ."

"ಸರ್, ಇದು ಸಂಶೋಧನೆ..."

"ಹಾರ ಬಾಡಿದ್ರ ಧಣಿ ಮಾರಿ ಬಾಡ್ತದ. ನಿಮ್ಮ ಮೀನ ಏನ್ ಸಿಟ್ಟಾಗ್ತಾವೇನ್ರಿ?"

ಈ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿಲ್ಲ. ಸೀಸೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ತಂದೆ.

ನಮ್ಮ ಮನೆಯ ಫ್ರಿಜ್ಜು ಹೆಸರಿಗೆ ನನ್ನದು, ಆಳ್ವಿಕೆ ಅಮ್ಮನದು. ಮೇಲಿನ ಅಂಕಣ ಮಡಿ: ದೇವರ ಹಾಲು, ಮೊಸರು, ತುಳಸಿ. ಕೆಳಗಿನದು ಮೈಲಿಗೆ: ಈರುಳ್ಳಿ, ಬ್ರೆಡ್ಡು ಮತ್ತು ನಾನು ತರುವುದೆಲ್ಲ. ಕೆಳಗೆ ತಣ್ಣಗಿರುವುದು ಕಡಿಮೆ, ಮೇಲೆಯೇ ಇಡಬೇಕು. ಅಮ್ಮ ಅಡುಗೆಮನೆಯ ಬಾಗಿಲಲ್ಲೇ ತಡೆದಳು.

"ಏನೋ ಅದು ಗುಂಡ್ಯಾ?"

"ಔಷಧ, ಮೀನಿಂದು."

"ಎದರಿಂದ ಮಾಡ್ಯಾರ?"

ನಿಜ ಹೇಳಿದ್ದರೆ ಫ್ರಿಜ್ಜಿನ ಸಮೇತ ನಾನೂ ಬೀದಿಯಲ್ಲಿರುತ್ತಿದ್ದೆ ಎಂದು ಆಗ ಅನ್ನಿಸಿತು. ಪೂರ್ತಿ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹಾಗಾಗಿ ಮೂತ್ರವನ್ನು ಉಳಿಸಿಕೊಂಡು ಹೆಂಗಸನ್ನು ಮಾತ್ರ ಬದಲಾಯಿಸಿದೆ.

"ಗೋಮೂತ್ರದಿಂದ."

ಇಲ್ಲಿಗೆ ನಿಲ್ಲಿಸಬೇಕಿತ್ತು. ಅಮ್ಮನ ಮುಖ ಅರಳಿದ್ದು ಕಂಡು ಮೇಷ್ಟ್ರ ಬಾಯಿ ಮುಂದುವರಿಯಿತು. "ಬರೇ ಗೋಮೂತ್ರಲ್ಲಮ್ಮ, ಅದರ ಸತ್ವ. ಚಿಟಿಕಿ ಪುಡಿ ಒಂದು ಕೊಡಕ್ಕ ಸಮ." ಅಮ್ಮ ಸೀಸೆಯನ್ನು ಕಣ್ಣಿಗೊತ್ತಿಕೊಂಡು ದೇವರ ಮೊಸರಿನ ಪಕ್ಕ ಇಟ್ಟಳು. ಆ ರಾತ್ರಿ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ.

ಮಳೆ ತಡವಾಗಿ ಬಂತು. ಮೀನುಗಳು ಹದಕ್ಕೆ ಬರುವಾಗ ಶ್ರಾವಣವಾಗಿತ್ತು. ಉಪಾಕರ್ಮದ ಮರುದಿನ ಸಂಜೆ ಸೂಜಿ ಚುಚ್ಚುವುದೆಂದು ಗೊತ್ತು ಮಾಡಿಕೊಂಡೆ. ಉಪಾಕರ್ಮದ ದಿನ ಬೀದಿಯ ಗಂಡಸರೆಲ್ಲ ಮಠದಲ್ಲಿ ಕೂತು, ಪಂಚಗವ್ಯ ಕುಡಿದು ಶುದ್ಧರಾಗಿ, ಜನಿವಾರ ಬದಲಾಯಿಸಿಕೊಳ್ಳುತ್ತಾರೆ. ಅದಕ್ಕೆ ಗೋಮೂತ್ರ ಒದಗಿಸುವುದು ಬಹಳ ವರ್ಷಗಳಿಂದ ಅಮ್ಮನ ಸೇವೆ. ಮಲಪನಗುಡಿಯಿಂದ ಒಬ್ಬ ರೈತ ಬೆಳಗಾಗುವಷ್ಟರಲ್ಲಿ ತಂಬಿಗೆಯಲ್ಲಿ ತಂದು ಕೊಡುತ್ತಿದ್ದ. ಆ ವರ್ಷ ಅವನು ಹಸು ಮಾರಿ ಟಿಪ್ಪರ್ ಕೊಂಡಿದ್ದ. ಟಿಪ್ಪರಿನಿಂದ ಎಲ್ಲ ಸಿಗುತ್ತದೆ, ಗೋಮೂತ್ರ ಒಂದನ್ನು ಬಿಟ್ಟು. ಸಗಣಿಯಾದರೆ ಮಾರ್ಕೆಟ್ಟಿನ ಬೀದಿ ದನಗಳದ್ದು ಎಲ್ಲಾದರೂ ಬಿದ್ದಿರುತ್ತದೆ. ಗೋಮೂತ್ರ ಹಾಗೆ ಬಿದ್ದುಕೊಂಡು ನಮಗಾಗಿ ಕಾಯುವುದಿಲ್ಲ. ಇದೆಲ್ಲ ಆ ದಿನ ಬೆಳಗಿನಿಂದ ಮನೆಯಲ್ಲಿ ನಡೆದಿದ್ದರೂ ನನಗೆ ಗೊತ್ತಾಗಲಿಲ್ಲ. ನಾನು ಕಾಲೇಜಿನ ತೊಟ್ಟಿಯ ಬಳಿ ಮೀನಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ.

ಸ್ನಾನ ಮಾಡಿ ಮಠಕ್ಕೆ ಹೋಗಿ ಕೂತೆ. ಪಕ್ಕದಲ್ಲೇ ನಮ್ಮ ಪ್ರಿನ್ಸಿಪಾಲರು, ಮೈತುಂಬ ನಾಮ ಮುದ್ರೆ. ಆಚಾರ್ಯರು ಪಂಚಗವ್ಯದ ಬಟ್ಟಲು ಹಿಡಿದು ಎದ್ದು ನಿಂತರು.

"ಈ ವರ್ಷ ಗೋಮೂತ್ರ ಸಿಗದ ಭಾಳ ಫಜೀತಿ ಆಗಿತ್ತು. ಮೇಷ್ಟ್ರ ತಾಯಿ ಉಳಿಸಿದ್ರು. ಸತ್ವದ ಪುಡಿ ಅಂತ, ಇಡೀ ಬಾಟಲೀನ ಕೊಟ್ರು. ಮುಚ್ಚಳ ಅಡಕೊತ್ತಿನಿಂದ ಮೀಟಿ ತಗೀಬೇಕಾತು ನೋಡ್ರಿ!"

ನನ್ನ ಆರು ವರ್ಷ ಆ ಬಟ್ಟಲಲ್ಲಿ ಹಾಲು ಮೊಸರಿನ ಜೊತೆ ಕರಗಿ ನನ್ನ ಕಡೆಗೇ ಬರುತ್ತಿತ್ತು. ಎದ್ದು ನಿಂತು "ಕುಡೀಬ್ಯಾಡ್ರಿ!" ಎನ್ನಬಹುದಿತ್ತು. ಆಮೇಲೆ ಯಾಕೆ ಎಂದು ಹೇಳಬೇಕಿತ್ತು. ನಲವತ್ತು ಜನ ಗಂಡಸರ ನಡುವೆ, ಬಾಗಿಲ ಬಳಿ ಕೈಮುಗಿದು ಹೆಮ್ಮೆಯಿಂದ ನಿಂತಿದ್ದ ಅಮ್ಮನ ಎದುರಿಗೆ. ಅದು ಯಾರಿಗೂ ಅಪಾಯ ಮಾಡುವುದಿಲ್ಲ, ಬಾಯಲ್ಲಿ ಹೋದರೆ ತೊಗರಿಬೇಳೆಯ ಹಾಗೆ ಅರಗಿಹೋಗುತ್ತದೆ ಎಂದು ನನ್ನ ಹೇಡಿತನ ತಕ್ಷಣ ಪಾಠ ಮಾಡಿತು. ಬೊಗಸೆ ಒಡ್ಡಿದೆ. ಕಣ್ಣು ಮುಚ್ಚಿ ಕುಡಿದೆ.

ಪ್ರಿನ್ಸಿಪಾಲರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. "ಈ ಸಲದ್ದು ಭಾಳ ಹಗುರ ಅದ ನೋಡ್ರಿ. ವಾಸನೀನ ಇಲ್ಲ!" ಎಂದು ಮೀಸೆ ಒರೆಸಿಕೊಂಡರು. ಮನುಷ್ಯರಿಗಲ್ಲ ಎಂದು ಸೀಸೆಯ ಮೇಲೆ ಬರೆದದ್ದು ನೆನಪಾಗಿ ನನಗೆ ಸ್ವಲ್ಪ ಸಮಾಧಾನವಾಯಿತು.

ನಲವತ್ತು ಗಂಡಸರಲ್ಲಿ ಯಾರೂ ಮೊಟ್ಟೆ ಇಡಲಿಲ್ಲ. ನನ್ನ ಮೀನುಗಳೂ ಇಡಲಿಲ್ಲ. ಹೊಸ ಸೀಸೆ ತರಿಸುವಷ್ಟರಲ್ಲಿ ಮೊಟ್ಟೆ ಮೈಯಲ್ಲೇ ಕರಗಿ ಅವುಗಳ ಹೊಟ್ಟೆ ಇಳಿದುಹೋಗಿತ್ತು. ಗೈಡು ಫೋನು ಎತ್ತುವುದನ್ನು ಬಿಟ್ಟರು. ಮಂಕಾಗಿ ಕೂತಿದ್ದ ನನ್ನನ್ನು ಅಮ್ಮ ಕೇಳಿದಳು, "ಯಾಕೋ, ಮೀನ ಹಡೀಲಿಲ್ಲೇನು?" ಅಷ್ಟಕ್ಕೇ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾದು ಕೂತೆ.

ಅಮ್ಮ ಹೊಸೆಯುತ್ತಿದ್ದ ಬತ್ತಿ ಕೆಳಗಿಟ್ಟಳು. "ಬಸರೀರದಾ? ನಾ ಐದು ಹಡದೀನಿ. ಬಸರಿ ಅಂದ್ರ ಮೈಲಿಗಿ ಅಂತ ಯಾವಾಗರೆ ಅಂದೀನೇನು? ದೇವರ ಮುಂದ ಕೂಡಿಸಿ ಆರತಿ ಮಾಡ್ತೀವಿ. ಖರೇ ಹೇಳಿದ್ರ ಅದಕ್ಕೊಂದು ಬ್ಯಾರೆ ಡಬ್ಬಿ ಕೊಡ್ತಿದ್ದೆ. ನಿನ್ನ ಬಾಟಲೀನೂ ಉಳೀತಿತ್ತಲ್ಲೋ, ಹುಚ್ಚಪ್ಪ."

ಇಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ. ಅಮ್ಮ ಅಲ್ಲಿಗೇ ಬಿಡಲಿಲ್ಲ. "ಮೂತ್ರಕ್ಕ ಪ್ರಾಯಶ್ಚಿತ್ತ ಬ್ಯಾಡ. ಸುಳ್ಳಿಗೆ ಬೇಕು. ಖರೇ ಗೋಮೂತ್ರ ನೀನ ನಿಂತು ಹಿಡಕೊಂಡು ಬಾ. ಕುಡಿ."

ಹಸು ಮಾರದವರನ್ನು ಹುಡುಕಿಕೊಂಡು ಬಂಡ್ರಿಯವರೆಗೆ ಹೋದೆ. ಬೆಳಗಿನ ಜಾವ, ಪ್ಯಾಂಟು ಮಡಚಿ, ತಂಬಿಗೆ ಹಿಡಿದು, ಒಂದು ಹಸುವಿನ ಹಿಂದೆ ಅರ್ಧ ಗಂಟೆ ನಿಂತೆ. ಹಸುವಿಗೆ ಅವಸರವಿರಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಟಿಪ್ಪರು ನಿಂತಿತು. ಮೇಲಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಳಿದ. ಪ್ರಾಣಿಶಾಸ್ತ್ರದಲ್ಲಿ ಎರಡು ಸಲ ಫೇಲಾಗಿ, ಈಗ ಮೂರು ಟಿಪ್ಪರು ಇಟ್ಟಿರುವವನು.

"ಸಾರ್, ನೀವಾ! ಇದೇನ್ರಿ, ರಿಸರ್ಚಾ?"

"ಹೌದಪ್ಪ," ಎಂದೆ. ಇಲ್ಲಿಗೆ ನಿಲ್ಲಿಸಬೇಕಿತ್ತು. "ಇದರಾಗಿಂದ ಹಾರ್ಮೋನು ತಗೀತೀವಿ. ಭಾಳ ಬೇಕಾಗ್ತದ, ಸಿಗೂದಿಲ್ಲ."

"ಚಿಂತಿ ಬಿಡ್ರಿ ಸಾರ್, ನಮ್ ಮಾವನ ಮನ್ಯಾಗ ಹನ್ನೆರಡು ಆಕಳು ಅದಾವ!"

ಸೋಮವಾರ ಕಾಲೇಜಿಗೆ ಹೋದರೆ ಧಣಿಯ ಹಾರಗಳೆಲ್ಲ ಮೇಜಿನ ಮೇಲೆ ಬಾಡುತ್ತ ಬಿದ್ದಿದ್ದವು. ಫ್ರಿಜ್ಜಿನ ತುಂಬ ಒಂದು ದೊಡ್ಡ ಡೀಸೆಲ್ ಕ್ಯಾನು, ಅದರ ಮೇಲೆ ನನ್ನ ಹೆಸರು. ಹಾರ ತೆಗೆಸಿದವರು ಸ್ವತಃ ಪ್ರಿನ್ಸಿಪಾಲರು. "ಗೋಮೂತ್ರ ಕೆಡಬಾರದಲ್ರಿ. ಇಂಥಾ ರಿಸರ್ಚ್ ಮಾಡ್ಲಿಕ್ಕತ್ತೀನಿ ಅಂತ ಮೊದಲ ಹೇಳಿದ್ರ, ಅವತ್ತ ಜಾಗ ಮಾಡಿಕೊಡ್ತಿದ್ದೆ!" ಎಂದರು.

ಮನೆಗೆ ಬಂದು ಅಮ್ಮನಿಗೆ ಇದನ್ನೂ ಹೇಳಿದೆ. ಮತ್ತೆ ಪ್ರಾಯಶ್ಚಿತ್ತ ವಿಧಿಸಿದ್ದಾಳೆ. ಈ ಸಲ ಬಂಡ್ರಿಯವರೆಗೆ ಹೋಗುವ ಕಷ್ಟವಿಲ್ಲ. ಕ್ಯಾನಿನಲ್ಲಿ ಇಪ್ಪತ್ತು ಲೀಟರ್ ಇದೆ.