ಚಿಕ್ಕಯ್ಯನಂಗಡಿಯ ಒಳಕೋಣೆ

ಅರಕೆರೆಯ ದರ್ಜಿ ಇನಾಯತುಲ್ಲಾ ಸಾಬರು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದದ್ದೇ ತಡ, ಎದುರಿನ ಕಟಿಂಗ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಮೌನೇಶನ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದಂತಾಯಿತು.

ಮೊನ್ನೆಯವರೆಗೂ ಚಿಂದಿಬಟ್ಟೆಯ ತಿಪ್ಪೆಯಂತಿದ್ದ ಅಂಗಡಿ ಅದು. ಈಗ ನೋಡಿದರೆ ಗೋಡೆಗೆ ಮಾವಿನ ಚಿಗುರಿನ ಬಣ್ಣ. ದಾರದ ಉಂಡೆಗಳೆಲ್ಲ ಬಣ್ಣ ಬಣ್ಣದ ಸಾಲುಗಟ್ಟಿ ಗೋಡೆ ಹತ್ತಿವೆ. ಸೂರಿನಿಂದ ಬೋರಲಾಗಿ ತೂಗಿಬಿಟ್ಟ ಬಿದಿರು ಮಂಕರಿಯೊಳಗೊಂದು ದೀಪ, ಅದರ ಕೆಳಗೆ ಹೊಲಿಗೆ ಮಿಷನ್ನು ಹಸೆಮಣೆ ಮೇಲಿನ ಮದುವಣಗಿತ್ತಿಯ ಹಾಗೆ ಕೂತಿದೆ. ಎಲ್ಲ ಭೂಮಿಕಾಳ ಕೈಚಳಕ.

ಭೂಮಿಕಾ ಅಕ್ಕಸಾಲಿಗರ ಮನೆ ಹುಡುಗಿ. ಮೌನೇಶ ಬಡಗಿ ನಾಗರಾಜನ ಮಗ. ಇಬ್ಬರೂ ಒಂದೇ ಬಸ್ಸು ಹತ್ತಿ ಮೈಸೂರಿನ ಕಾಲೇಜಿಗೆ ಹೋಗಿ ಇಂಟೀರಿಯರ್ ಡಿಸೈನ್ ಡಿಗ್ರಿ ಓದುತ್ತಿದ್ದರು. ಮೊದಲ ವರ್ಷದಿಂದಲೂ ಅವಳ ನಕ್ಷೆ ನೋಟೀಸ್ ಬೋರ್ಡಿಗೆ ಹೋಗುತ್ತಿತ್ತು, ಇವನದು ತಿದ್ದಿ ತರಲು ವಾಪಸ್ಸು ಬರುತ್ತಿತ್ತು. ಈ ಸಲದ ಪರೀಕ್ಷೆ ಮಾತ್ರ ಊರಲ್ಲೇ. ತಮ್ಮೂರಿನ ಒಂದು ಪುಟ್ಟ ಅಂಗಡಿಯನ್ನು ಕೈಗೆ ಸಿಕ್ಕ ಸಾಮಾನಿನಲ್ಲೇ ಚೆಂದ ಮಾಡಬೇಕು, ಕಾಲೇಜಿನ ಶಿವಪ್ರಕಾಶ್ ಸಾರ್ ಇವತ್ತು ಬಂದು ನೋಡುತ್ತಾರೆ. ಅವಳು ಸಾಬರ ಅಂಗಡಿ ಹಿಡಿದಿದ್ದಳು, ಇವನು ಎದುರಿನ ಕಟಿಂಗ್ ಅಂಗಡಿ. ಗೆದ್ದ ಒಬ್ಬರಿಗೆ ಮೈಸೂರಿನ ದೊಡ್ಡದೊಂದು ಡಿಸೈನ್ ಆಫೀಸಿನಲ್ಲಿ ತರಬೇತಿ. ಅದು ತನಗೆ ಸಿಗದಿದ್ದರೂ ಮೌನೇಶ ಸಹಿಸಿಯಾನು. ಅವಳಿಗೆ ಸಿಕ್ಕಿಬಿಟ್ಟರೆ?

"ಏನ್ಲಾ ಮೌನೇಶ," ಎಂದ ಕಟಿಂಗ್ ಅಂಗಡಿಯ ಚಿಕ್ಕಯ್ಯ, ತನ್ನ ಗೋಡೆಗೆ ಹುಡುಗ ಬಳಿದಿದ್ದ ಬೂದುಬಣ್ಣ ನೋಡುತ್ತ. "ಸಾಬ್ರ ಅಂಗ್ಡಿ ನೋಡುದ್ರೆ ಹಬ್ಬ ಬಂದಂಗೈತೆ. ನಮ್ದು ನೋಡುದ್ರೆ ಯಾರೋ ಓಗ್ಬುಟ್ಟಂಗೈತಲ್ಲಲಾ!"

ಮೌನೇಶ ದಡಕ್ಕನೆದ್ದ. ಚಿಕ್ಕ ಜಾಗ ದೊಡ್ಡದಾಗಿ ಕಾಣಬೇಕಾದರೆ ಕನ್ನಡಿ ಹಾಕಿ ಎಂದು ಕ್ಲಾಸಿನಲ್ಲಿ ಹೇಳಿದ್ದು ನೆನಪಾಯಿತು. ಹಳೇ ಬೀರುಗಳಿಂದ ಕಳಚಿಟ್ಟಿದ್ದ ಆಳೆತ್ತರದ ಕನ್ನಡಿಗಳು ಅಪ್ಪನ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಬಂದವನೇ ಹಿಂದಿನ ಗೋಡೆಗೆ ನೆಲದಿಂದ ಸೂರಿನವರೆಗೂ ಜೋಡಿಸಿದ. ಮಿಕ್ಕದ್ದನ್ನು ಎಡಬಲದ ಗೋಡೆಗೆ ಬಡಿದ.

ಮೊದಲ ಗಿರಾಕಿಯಾಗಿ ಬಂದವರು ಪಂಚಾಯ್ತಿಯ ಮಾಜಿ ಮೆಂಬರ್ ಶಿವಲಿಂಗಯ್ಯ. ಕುರ್ಚಿಯಲ್ಲಿ ಕೂತು ಮೀಸೆ ತೀಡಿಕೊಂಡು ಪಕ್ಕಕ್ಕೆ ತಿರುಗಿದರು. ಕನ್ನಡಿಯೊಳಗಿನ ಕನ್ನಡಿಯಲ್ಲಿ ಯಾರದೋ ಹಿಂದಲೆ ಕಂಡಿತು, ತೊಳೆದಿಟ್ಟ ತಾಮ್ರದ ಚೊಂಬಿನ ಹಾಗೆ.

"ಯಾವನ್ಲಾ ಅವ್ನು ಬೋಳ?" ಎಂದು ನಕ್ಕರು. ಅವರು ನಕ್ಕಾಗ ಬೋಳೂ ಅಲುಗಿತು. ತಲೆ ಮುಟ್ಟಿ ನೋಡಿಕೊಂಡವರೇ ನೆಗೆದು ನಿಂತರು. "ಲೇ ಚಿಕ್ಕ! ನನ್ ಕೂದ್ಲು ಏನ್ಮಾಡ್ಬುಟ್ಟೆ?"

"ನಾನಿನ್ನೂ ಕತ್ರೀನೇ ಮುಟ್ಟಿಲ್ಲ ಕಣ್ರೀ ಯಜಮಾನ್ರೆ! ಅದು ಓಗಿ ಏಸೋ ವರ್ಸ ಆಗೈತೆ."

"ಮತ್ಯಾಕ್ಲಾ ಯೋಳ್ಲಿಲ್ಲ?"

"ಕೇಳ್ಲಿಲ್ವಲ್ಲ ನೀವು!"

ಜಗಳ ನೋಡಲು ಜನ ಸೇರಿದರು. ಜನರ ಕಾಲ ಸಂದಿಯಲ್ಲಿ ಹೂವಿನ ಮಾದಮ್ಮನ ಹುಂಜವೂ ಒಳನುಗ್ಗಿತು. ಮೂರು ದಿಕ್ಕಿನಲ್ಲೂ ತನ್ನಷ್ಟೇ ಜುಟ್ಟಿನ ಹುಂಜಗಳನ್ನು ಕಂಡ ಅದಕ್ಕೆ ಮೌನೇಶನಿಗಿಂತ ಹೆಚ್ಚು ಹೊಟ್ಟೆಯುರಿ. ಹಾರಿ ಹಾರಿ ಕುಕ್ಕಿತು, ರೆಕ್ಕೆ ಬಡಿದು ಪೌಡರ್ ಡಬ್ಬಿ ಉರುಳಿಸಿತು. ಅಂಗಡಿ ತುಂಬ ಬಿಳಿ ಮೋಡ. ಕೆಮ್ಮುತ್ತ ಶಿವಲಿಂಗಯ್ಯ ತಲೆಗೆ ಟವಲು ಸುತ್ತಿಕೊಂಡು ಓಡಿದರು, ಹುಂಜವನ್ನು ಬಗಲಲ್ಲಿಟ್ಟುಕೊಂಡು ಮಾದಮ್ಮ ಶಾಪ ಹಾಕುತ್ತ ಹೋದಳು.

ಅಷ್ಟರಲ್ಲಿ ಎದುರಂಗಡಿಯಿಂದ ಭೂಮಿಕಾ ಒದ್ದೆ ಬಟ್ಟೆ ಹಿಡಿದು ಬಂದಳು. "ಸಾರ್ ಬರೋ ಹೊತ್ತಾಯ್ತು ಕಣೋ. ಒರೆಸ್ಕೊಡ್ತೀನಿ ತಡಿ."

"ನಿನ್ನುಪಕಾರ ಏನೂ ಬ್ಯಾಡ."

ಅವಳು ಕೇಳಿಸಿಕೊಳ್ಳಲಿಲ್ಲ. ಹಿಂದಿನ ಗೋಡೆಯ ಕನ್ನಡಿಯನ್ನು ತಿಳಿನೀರಿನ ಹಾಗೆ ಒರೆಸಿ ಹೋದಳು. 'ನೋಡೋರ ಮುಂದೆ ಒಳ್ಳೇತನ ತೋರುಸ್ತಾಳೆ' ಎಂದು ಮೌನೇಶ ಹಲ್ಲು ಕಡಿದ.

ಶ್ರೀರಂಗಪಟ್ಟಣದ ಬಸ್ಸಿಂದ ಇಳಿದ ಶಿವಪ್ರಕಾಶ್ ಸಾರ್ ಮೊದಲು ಚಿಕ್ಕಯ್ಯನ ಅಂಗಡಿಗೇ ಬಂದರು. ಮರ್ಯಾದೆಗೆಂದು ಚಿಕ್ಕಯ್ಯ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಪಟಾರನೆ ಒದರಿದ. ಅದರಲ್ಲಿ ಉಳಿದಿದ್ದ ಪೌಡರೆಲ್ಲ ಸಾರ್ ಕನ್ನಡಕದ ಮೇಲೆ ಕೂತಿತು. "ಕೊಡಿ ಸಾಮಿ, ಒರೆಸ್ತೀನಿ," ಎಂದು ಕನ್ನಡಕವನ್ನೂ ಕಿತ್ತುಕೊಂಡ.

ಸಾರ್ ಕಣ್ಣು ಕಿರಿದು ಮಾಡಿ ಹಿಂದಿನ ಗೋಡೆಯ ಕಡೆ ನೋಡಿದರು. ಮುಖ ಅರಳಿತು.

"ಭೇಷ್! ಮುಂದಿನ ಕೋಣೆ ಮಂಕಾಗಿದೆ ಅಂದುಕೊಂಡೆ. ಬೇಕಂತಲೇ ಹಾಗೆ ಮಾಡಿದ್ದೀಯ, ಅಲ್ಲವಾ? ಆ ಒಳಕೋಣೆಗೆ ಕಣ್ಣು ಹೋಗಲಿ ಅಂತ. ಆಹಾ, ಏನು ಬಣ್ಣ! ಆ ದೀಪ! ಇದು ಯಾರ ಯೋಚನೆ?"

ಯಾವ ಒಳಕೋಣೆ ಎಂದು ಮೌನೇಶನಿಗೆ ಹೊಳೆಯಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಹೊಗಳಿಕೆ ಬಿದ್ದಾಗ ಅದನ್ನು ತಿರುಗಿಸಿ ನೋಡುವವರುಂಟೇ?

"ನಂದೇ ಸಾರ್," ಎಂದ ಎದೆಯುಬ್ಬಿಸಿ. "ಪೂರ್ತಿ ನಂದೇ. ಯಾರ್ದೂ ಕೈ ಇಲ್ಲ."

"ಭೂಮಿಕಾ ಸಹಾಯ ಮಾಡಲಿಲ್ಲವೇ?"

"ಅವ್ಳಿಗೆ ಇಂಥದ್ದೆಲ್ಲ ಎಲ್ಲಿ ಬರ್ಬೇಕು ಸಾರ್!"

"ಹಾಗಾದರೆ ನಿನ್ನ ಒಳಕೋಣೆಯಲ್ಲಿ ನಿಂತುಕೊಂಡು ನನಗೆ ಕೈಬೀಸುತ್ತಿರೋದು ಯಾರು?"

ಮೌನೇಶ ತಿರುಗಿದ. ಕನ್ನಡಿಯೊಳಗೆ ಬಾಗಿಲು, ಬಾಗಿಲಾಚೆ ರಸ್ತೆ, ರಸ್ತೆಯಾಚೆ ಇನಾಯತುಲ್ಲಾ ಸಾಬರ ಅಂಗಡಿ ಇಡಿಯಾಗಿ ಬಂದು ಕೂತಿತ್ತು. ಅದರ ನಡುವೆ ಭೂಮಿಕಾ "ಬನ್ನಿ ಸಾರ್" ಎಂದು ಕರೆಯುತ್ತಿದ್ದಳು. ಸಾರ್ ಕನ್ನಡಕ ಹಾಕಿಕೊಂಡು ಕನ್ನಡಿಯನ್ನೊಮ್ಮೆ, ಬೀದಿಯನ್ನೊಮ್ಮೆ, ಕೊನೆಗೆ ಮೌನೇಶನನ್ನೊಮ್ಮೆ ನೋಡಿದರು.

"ಒಬ್ಬಳು ಒಂದಂಗಡಿ ಸಿಂಗರಿಸಿ ಎರಡಂಗಡಿ ಬೆಳಗಿಸಿದ್ದಾಳೆ," ಎಂದರು. ಮುಂದಿನ ಬಸ್ಸಿಗೆ ಅವರು ಹೊರಡುವ ಹೊತ್ತಿಗೆ ತರಬೇತಿ ಭೂಮಿಕಾಳದಾಗಿತ್ತು.

ಮೌನೇಶ ಸುತ್ತಿಗೆ ಹಿಡಿದು ಕನ್ನಡಿ ಕೀಳಲು ಹೋದ. ಚಿಕ್ಕಯ್ಯ ಅಡ್ಡ ನಿಂತ. "ಮುಟ್ಟುದ್ರೆ ಕೈ ಮುರ್ದೇನು! ಕುರ್ಚೀಲಿ ಕುಂತು ಆ ಅಂಗ್ಡಿ ನೋಡ್ತೀವಿ ಅಂತ ಜನ ಸಾಲಾಗಿ ನಿಂತವ್ರೆ."

ಮೌನೇಶ ಬೀದಿ ದಾಟಿದ. "ಸಾಬ್ರೆ, ನಮ್ ಬಾಗ್ಲಿಗೊಂದು ಪರದೆ ಹೊಲ್ಕೊಡಿ. ದಪ್ಪ ಬಟ್ಟೇದು. ಒಳಗಿನ ಕನ್ನಡೀಲಿ ಈ ಅಂಗ್ಡಿ ಏನಂದ್ರೆ ಏನೂ ಕಾಣ್ಬಾರ್ದು."

"ಅರೆ ಬೇಟಾ, ಈಗ್ಲೇ ಕೊಡ್ತೀನಿ!" ಇನಾಯತುಲ್ಲಾ ಸಾಬರು ಟೇಪು ಕೊರಳಿಗೆ ಹಾಕಿಕೊಂಡವರೇ ಒಳಗೆ ತಿರುಗಿ ಕೂಗಿದರು, "ಭೂಮಿಕಾ ಬೇಟಿ! ಚಿಕ್ಕಯ್ಯನ ಬಾಗ್ಲಿಗೆ ಪರದೆ ಬೇಕಂತೆ. ಯಾವ ಬಣ್ಣ, ಯಾವ ಬಾರ್ಡರು, ಬಂದು ಹೇಳ್ಬುಡಮ್ಮ!"

ಸಂಜೆ ಅರಿಶಿನ ಬಣ್ಣದ ಪರದೆ ಗಾಳಿಗೆ ಓಲಾಡುತ್ತಿತ್ತು. ದಾರಿಹೋಕರೆಲ್ಲ ನಿಂತು ನೋಡಿದರು.

"ಅಲ್ಲ ಕಣ್ಲಾ," ಅಂದರು, "ಭೂಮಿಕಮ್ಮ ಈ ಅಂಗ್ಡೀನೂ ಮಾಡ್ಬುಟ್ಳಾ?"