ಸೂಜಿ ಹಾಕಿದೆ, ತಿಂಡಿ ಬಿಟ್ಟೆ!

ಸಕ್ಕರೆಗೆ ಮಣ್ಣು ಮುಕ್ಕಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟದ್ದು ಒಂದು ಬುಧವಾರ ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯಂತೆ ಮೇಲೆತ್ತಿ! ಕರೆಯದೆ ಬಂದ ನೆಂಟನ ಹಾಗೆ ಒಂಬತ್ತು ವರ್ಷದಿಂದ ನನ್ನ ರಕ್ತದಲ್ಲಿ ಕಾಲು ಚಾಚಿ ಕೂತಿರುವ ಸಕ್ಕರೆ ಅದು. ಶುಕ್ರವಾರಕ್ಕೆ ಮೂರು ತಿಂಗಳ ಸರಾಸರಿ ನೋಡುವ ಪರೀಕ್ಷೆ ಇತ್ತು.

"ಈ ಸಲದ ರಿಪೋರ್ಟ್ ನೋಡಿ ನಿಮ್ಮ ಲ್ಯಾಬಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಬೇಕು, ನೋಡ್ತಿರು!" ಎಂದೆ ಹೆಂಡತಿಗೆ.

ನನ್ನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗಾಗೆದ್ದು ಖಾಲಿ ಹೊಟ್ಟೆಯಲ್ಲಿ ಸಾಲುಗಟ್ಟಿ ಕೂತವರ ರಕ್ತ ತೆಗೆಯುವುದು ಅವಳ ಉದ್ಯೋಗ. ಮನೆಯಲ್ಲಿ ಅದೇ ಕೆಲಸವನ್ನು ಸೂಜಿಯಿಲ್ಲದೆ ಮಾಡುತ್ತಾಳೆ!

"ಮೂರು ತಿಂಗಳು ತಿಂದಿದ್ದನ್ನ ಎರಡು ದಿನದಲ್ಲಿ ಅಳಿಸೋಕೆ ರಕ್ತ ಏನು ಸ್ಲೇಟಾ ರೀ?" ಎಂದಳು ಚಪ್ಪಲಿ ಮೆಟ್ಟುತ್ತಾ. "ಮೇಜಿನ ಮೇಲೆ ಎರಡು ಬೇಯಿಸಿದ ಮೊಟ್ಟೆ, ಎರಡು ಗೋಧಿ ಬ್ರೆಡ್ಡು, ಸೌತೆಕಾಯಿ ಇಟ್ಟಿದೀನಿ. ಇನ್ಸುಲಿನ್ ಹಾಕ್ಕೊಂಡು ಕಾಲು ಗಂಟೆಯೊಳಗೆ ತಿನ್ನಿ. ಅದು ಬೇರೆ ಇದು ಬೇರೆ ಅಲ್ಲ, ಎರಡೂ ಜೋಡಿ. ಗೊತ್ತಾಯ್ತಾ?"

"ಒಂಬತ್ತು ವರ್ಷದ ಅನುಭವಿಗೆ ಪಾಠ ಹೇಳ್ತೀಯಲ್ಲ!"

"ಒಂದೇ ಕ್ಲಾಸಲ್ಲಿ ಒಂಬತ್ತು ವರ್ಷ ಕೂತವರನ್ನ ಅನುಭವಿ ಅನ್ನಲ್ಲ ರೀ" ಎಂದು ಬಾಗಿಲು ಎಳೆದುಕೊಂಡು ಹೋದಳು.

ಬೆರಳು ಚುಚ್ಚಿ ನೋಡಿಕೊಂಡೆ. ನೂರ ನಲವತ್ತೆಂಟು. ಇನ್ಸುಲಿನ್ ಪೆನ್ನಿನಲ್ಲಿ ಎಂದಿನ ಹನ್ನೆರಡಕ್ಕೆ ತಿರುಗಿಸಿ ಹೊಟ್ಟೆಗೆ ಚುಚ್ಚಿಕೊಂಡೆ. ಮೊಟ್ಟೆಯತ್ತ ಕೈ ಚಾಚಿದಾಗ ಆ ಮಹಾ ಜ್ಞಾನೋದಯವಾಯಿತು. ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತದೆ. ತಿಂಡಿ ಏರಿಸುತ್ತದೆ. ಹಾಗಾದರೆ ಇನ್ಸುಲಿನ್ನೂ ಹಾಕಿ, ತಿಂಡಿಯನ್ನೂ ಬಿಟ್ಟರೆ? ಒಂದೇ ಏಟಿಗೆ ಎರಡು ಹಕ್ಕಿ! ಇಷ್ಟು ಸರಳ ಉಪಾಯ ವೈದ್ಯಲೋಕಕ್ಕೆ ಹೇಗೆ ಹೊಳೆಯಲಿಲ್ಲವೆಂದು ಅದರ ಮೇಲೆ ಮರುಕಪಡುತ್ತಾ ತಟ್ಟೆಯನ್ನು ಫ್ರಿಜ್ಜಿಗೆ ತಳ್ಳಿದೆ. ಆ ಎರಡು ಹಕ್ಕಿಗಳಲ್ಲಿ ಒಂದು ನಾನೇ ಎಂಬುದು ತಲೆಗೆ ಹೋಗಲಿಲ್ಲ.

ನಾನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಎಂಟು ಗಂಟೆಗೆ ನನ್ನ ವಿದ್ಯಾರ್ಥಿನಿ ಗಣಿತದ ಮೇಡಂ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹತ್ತೊಂಬತ್ತು ಪಾಠ ಮುಗಿದರೂ ಎರಡನೇ ಗೇರು ದಾಟಿದವರಲ್ಲ. ರಸ್ತೆಗೆ ಅಡ್ಡ ಬಂದ ಪ್ಲಾಸ್ಟಿಕ್ ಕವರಿಗೂ ಬ್ರೇಕು ಹಾಕಿ, ಅದು ದಾಟುವವರೆಗೆ ಕಾಯುವ ಸಜ್ಜನಿಕೆ! ಸೈಕಲ್ಲಿನವರು ನಮ್ಮನ್ನು ಹಿಂದಿಕ್ಕಿ, ತಿರುಗಿ ನೋಡಿ, ಕನಿಕರಪಟ್ಟು ಹೋಗುತ್ತಿದ್ದರು.

ಆವತ್ತು ಉದ್ಯಾನದ ಉದ್ದನೆಯ ಗೋಡೆಯ ಪಕ್ಕ ಹೋಗುತ್ತಿದ್ದಾಗ ನನ್ನ ಕೈ ನಡುಗತೊಡಗಿತು. ಎಂಜಿನ್ ನಡುಗುತ್ತಿದೆ ಅಂದುಕೊಂಡೆ. ಅಂಗಿ ಒದ್ದೆಯಾಯಿತು. ಸೆಕೆ ಅಂದುಕೊಂಡೆ. ಮೇಡಂ ಮೇಲೆ ವಿನಾಕಾರಣ ಸಿಟ್ಟು ನೆತ್ತಿಗೇರಿತು. ಅದು ಮಾತ್ರ ನ್ಯಾಯವಾದದ್ದೇ ಅಂದುಕೊಂಡೆ!

"ಮೇಡಂ! ಎಷ್ಟು ಸಲ ಹೇಳೋದು? ಮೊಟ್ಟೆ ಎಡಕ್ಕೆ ತಿರುಗಿಸಿ!"

"ಏನು ತಿರುಗಿಸ್ಲಿ?"

"ಮೊಟ್ಟೆ! ಕೈಯಲ್ಲಿ ಹಿಡ್ಕೊಂಡಿದೀರಲ್ಲ, ಗುಂಡಗೆ!" ಎಂದು ಸ್ಟೇರಿಂಗ್ ತೋರಿಸಿದೆ.

ಮೇಡಂ ಗಾಡಿಯನ್ನು ಬದಿಗೆ ನಿಲ್ಲಿಸಿ ನನ್ನ ಮುಖವನ್ನು ಉತ್ತರಪತ್ರಿಕೆ ನೋಡುವಂತೆ ನೋಡಿದರು.

"ಮೇಷ್ಟ್ರೇ, ಐದೇಳಲ ಎಷ್ಟು?"

ಸ್ವಲ್ಪ ಯೋಚಿಸಿ ದೃಢವಾಗಿ ಹೇಳಿದೆ: "ಗುರುವಾರ."

"ಸಕ್ಕರೆ ಕಾಯಿಲೆ ಇದೆಯಾ ನಿಮಗೆ?"

"ಇದೆ."

"ಇನ್ಸುಲಿನ್?"

"ಹಾಕ್ಕೊಂಡೆ!"

"ತಿಂಡಿ?"

"ಬಿಟ್ಟೆ!" ಎಂದೆ, ಪದಕಕ್ಕಾಗಿ ಕತ್ತು ಬಗ್ಗಿಸಿ.

ಸಿಹಿ ಏನಾದರೂ ಸಿಕ್ಕೀತೇ ಎಂದು ಅವರು ತಮ್ಮ ಚೀಲ ತಡಕಿದರು. ಕನ್ನಡಕ, ಕರವಸ್ತ್ರ. ನನ್ನ ಸೀಟಿನ ಮುಂದಿನ ಡಬ್ಬಿ ತೆಗೆದರು. ಒರೆಸುವ ಬಟ್ಟೆ. ಸುತ್ತ ಗೋಡೆ ಬಿಟ್ಟರೆ ಅಂಗಡಿಯೂ ಇಲ್ಲ, ನರಪಿಳ್ಳೆಯೂ ಇಲ್ಲ. ಅಂಗಡಿಯಿದ್ದದ್ದು ಒಂದು ಕಿಲೋಮೀಟರು ಮುಂದೆ, ಪೆಟ್ರೋಲ್ ಬಂಕಿನಲ್ಲಿ.

ಮೇಡಂ ಸೆರಗು ಸಿಕ್ಕಿಸಿದರು. ಮೊದಲನೇ ಗೇರು. ಎರಡು. ಆಮೇಲೆ, ಓದುಗ ಮಹಾಶಯರೇ, ಮೂರು! ನಾಲ್ಕು! ನಾನು ಗಾಬರಿಯಲ್ಲಿ ನನ್ನ ಕಾಲ ಬಳಿಯಿದ್ದ ಮೇಷ್ಟ್ರ ಬ್ರೇಕನ್ನು ತುಳಿದೆ. ಗಾಡಿ ಮುಗ್ಗರಿಸಿತು.

"ಕಾಲು ಮೇಲಿಟ್ಕೊಳ್ಳಿ!"

ಆ ಗದರಿಕೆಯ ಹಿಂದೆ ಮೂವತ್ತು ವರ್ಷದ ಸಾಧನೆಯಿತ್ತು. ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ನಮ್ಮನ್ನು ದಾಟಿ ಹೋಗಿದ್ದ ಸೈಕಲ್ಲಿನವರನ್ನೆಲ್ಲ ನಾವು ಹಿಂದಿಕ್ಕಿದೆವು!

ಬಂಕಿನಲ್ಲಿ ಮೇಡಂ ನನ್ನನ್ನು ಅಂಗಡಿಯ ಮುಂದಿನ ಕುರ್ಚಿಗೆ ಒರಗಿಸಿದರು. ಅಂಗಡಿಯವರು ಹಣ್ಣಿನ ರಸದ ಬಾಟಲಿ ಹಿಡಿದು ಓಡಿ ಬಂದರು. ನಾನು ಕೈ ಅಡ್ಡ ಹಿಡಿದೆ.

"ಸಕ್ಕರೆ ಇಲ್ಲದ್ದು ಕೊಡಿ... ನಾನು ಪಥ್ಯದಲ್ಲಿದೀನಿ..."

"ಸಕ್ಕರೆ ಇರೋದೇ ಬೇಕಾಗಿರೋದು! ಕುಡೀರಿ ಸುಮ್ನೆ!" ಎಂದು ಮೇಡಂ ನನ್ನ ಗಲ್ಲ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ಕೈಗಡಿಯಾರ ನೋಡಿಕೊಂಡು ಕಾಲು ಗಂಟೆ ಕಾದರು. ಅಂಗಡಿಯವರು ನನಗೆ ರಟ್ಟಿನಿಂದ ಗಾಳಿ ಹಾಕುತ್ತಲೇ ಇದ್ದರು. ಜಗತ್ತು ಮೆಲ್ಲಗೆ ತನ್ನ ಜಾಗಕ್ಕೆ ಬಂತು. ಐದೇಳಲ ಮೂವತ್ತೈದು ಎಂಬುದು ನೆನಪಾಯಿತು. ಅದರ ಹಿಂದೆಯೇ, ನಾನು ಒಬ್ಬನೇ ಗಾಡಿ ಓಡಿಸುತ್ತಿದ್ದರೆ ಏನಾಗುತ್ತಿತ್ತು ಎಂಬುದೂ ಹೊಳೆಯಿತು.

"ನಿಮಗೆ ಇದೆಲ್ಲ ಹೇಗೆ ಗೊತ್ತು ಮೇಡಂ?"

"ನಮ್ಮ ಯಜಮಾನರಿಗೂ ಹೋದ ವರ್ಷ ಹೀಗೇ ಆಯ್ತು" ಎಂದರು, ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಾ. "ಮನೆ ಮುಂದೆ ಗಾಡಿ ನಿಂತಿತ್ತು, ಬೀಗದ ಕೈ ನನ್ನ ಕೈಯಲ್ಲೇ ಇತ್ತು. ಓಡಿಸೋಕೆ ಬರ್ತಿರಲಿಲ್ಲ. ಪಕ್ಕದ ಮನೆಯವರು ಸಿಕ್ಕಿದ್ದಕ್ಕೆ ನಮ್ಮವರು ಉಳಿದ್ರು. ಅದಕ್ಕೇ ಕಲಿಯೋಕೆ ಬಂದೆ. ಇಲ್ಲದಿದ್ರೆ ಈ ವಯಸ್ಸಲ್ಲಿ ನಿಮ್ಮ ಹತ್ರ ಬೈಸಿಕೊಳ್ಳೋಕೆ ನನಗೇನು ಹುಚ್ಚಾ?"

ನಾನು ಬ್ರೆಡ್ಡನ್ನು ಒಂದು ಚೂರೂ ಬಿಡದೆ ತಿಂದೆ.

ಮೇಡಂ ಫೋನು ಮಾಡಿದ್ದರಿಂದ ಹೆಂಡತಿ ಲ್ಯಾಬಿನ ಬಿಳಿ ಕೋಟಿನಲ್ಲೇ ಆಟೋ ಹಿಡಿದು ಬಂದಳು. ಬೆರಳು ಚುಚ್ಚಿದಳು. ನೂರ ಎರಡು. ಪಕ್ಕದಲ್ಲೇ ಕುಸಿದು ಕೂತಳು.

"ಬಯ್ಯೇ, ಸುಮ್ನೆ ಕೂರಬೇಡ" ಎಂದೆ.

"ಬಯ್ಯೋಕೆ ನೀವು ಇರ್ಬೇಕಲ್ಲ ರೀ" ಎಂದಳು. ದನಿ ಒಡೆಯಿತು. ಕಣ್ಣೊರೆಸಿಕೊಂಡು, ನಾನು ಇರುವುದನ್ನು ಖಚಿತಪಡಿಸಿಕೊಂಡು, ಮನೆ ಮುಟ್ಟುವವರೆಗೆ ಒಂದೇ ಉಸಿರಿನಲ್ಲಿ ಬಯ್ದಳು. ಅಷ್ಟು ಸಿಹಿಯಾದದ್ದನ್ನು ನಾನು ಒಂಬತ್ತು ವರ್ಷದಲ್ಲಿ ಸವಿದಿರಲಿಲ್ಲ!

ಶುಕ್ರವಾರದ ರಿಪೋರ್ಟಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಡಾಕ್ಟರು ಮಾತ್ರ, "ತಿಂಡಿ ಬಿಡೋ ಹಾಗಿದ್ರೆ ಮೊದಲು ನನ್ನನ್ನ ಕೇಳಿ, ಇನ್ಸುಲಿನ್ ಎಷ್ಟು ಅಂತ ನಾನು ಹೇಳ್ತೀನಿ" ಎಂದು ತಲೆ ಚಚ್ಚಿಕೊಂಡರು.

ಮೂರು ವಾರದ ನಂತರ ಮೇಡಂಗೆ ಲೈಸೆನ್ಸಿನ ಪರೀಕ್ಷೆ. ಪರೀಕ್ಷಾಧಿಕಾರಿ ಗಂಟುಮೋರೆಯ ಮನುಷ್ಯ. ಗಾಡಿ ಓಡಿಸಿದ್ದಾಯಿತು. ಕೊನೆಯ ಪ್ರಶ್ನೆ ಕೇಳಿದರು.

"ಗಾಡಿ ಸ್ಟಾರ್ಟ್ ಮಾಡೋ ಮೊದಲು ಏನೇನು ನೋಡ್ಬೇಕು?"

"ಕನ್ನಡಿ, ಬೆಲ್ಟು, ಹ್ಯಾಂಡ್‌ಬ್ರೇಕು, ಗೇರು" ಎಂದರು ಮೇಡಂ. "ಆಮೇಲೆ ಪಕ್ಕದಲ್ಲಿರೋ ಮೇಷ್ಟ್ರು ತಿಂಡಿ ತಿಂದಿದಾರಾ ಅಂತ."

ಅಧಿಕಾರಿಯ ಪೆನ್ನು ನಿಂತಿತು. ಮೇಡಂ ಮೊಟ್ಟೆಯಿಂದ ಗುರುವಾರದವರೆಗೆ ಒಂದನ್ನೂ ಬಿಡದೆ ವರದಿ ಒಪ್ಪಿಸಿದರು. ಅಧಿಕಾರಿ ನಿಧಾನವಾಗಿ ಚೀಲಕ್ಕೆ ಕೈ ಹಾಕಿ ಒಂದು ಇನ್ಸುಲಿನ್ ಪೆನ್ನು ತೆಗೆದು ತೋರಿಸಿದರು.

"ನನಗೂ ಹನ್ನೆರಡು ವರ್ಷ ಆಯ್ತು."

ನಮ್ಮವರೇ ಸಿಕ್ಕರೆಂದು ನನಗೆ ಎದೆಯುಬ್ಬಿತು! ಸಮಾಧಾನದ ಒಂದು ಮಾತಿಗಾಗಿ ಹಲ್ಲು ಕಿರಿದು ನಿಂತೆ. ಅವರು ಅರ್ಜಿಗೆ ಸಹಿ ಹಾಕಿ ಎದ್ದರು.

"ಮೇಡಂ ಪಾಸು. ಗಾಡಿಯಿಂದ ಆ ಎಲ್ ಬೋರ್ಡು ಬಿಚ್ಚಿ. ಬಿಸಾಕಬೇಡಿ ಮತ್ತೆ, ಈ ಮೇಷ್ಟ್ರ ಬೆನ್ನಿಗೆ ಕಟ್ಟಿ!"