ಹೆಂಡತಿಯನ್ನು ಡಿ.ಜೆ. ಸಮೇತ ತವರಿಗೆ ಕಳುಹಿಸುವುದರ ನಿಷೇಧ ಕುರಿತು

ನಾಲ್ಕು ತಾಲ್ಲೂಕು ಸಂಚಾರಿ ಡಿ.ಜೆ. ಮಾಲೀಕರ ಹಿತರಕ್ಷಣಾ ಮಂಡಳಿ
(ಬುಕಿಂಗ್ ಇಲ್ಲದ ದಿನಗಳ ವಿಭಾಗ)
ಹುಣಸೂರು – ಪಿರಿಯಾಪಟ್ಟಣ – ಕೆ.ಆರ್. ನಗರ – ಎಚ್.ಡಿ. ಕೋಟೆ

ಸಂಖ್ಯೆ: ಡಿಜೆ/ಖಾಲಿ/ಆಷಾಢ/ಹೆಂಡತಿ/01
ದಿನಾಂಕ: ಭೀಮನ ಅಮಾವಾಸ್ಯೆಯ ಮಾರನೆಯ ದಿನ

ಸುತ್ತೋಲೆ

ವಿಷಯ: ಖಾಲಿ ತಿಂಗಳುಗಳಲ್ಲಿ ಬುಕಿಂಗ್ ಹುಡುಕುವಾಗ ಸದಸ್ಯರು ಪಾಲಿಸಬೇಕಾದ ಶಿಸ್ತು ಹಾಗೂ ಸ್ವಂತ ಹೆಂಡತಿಯನ್ನು ಜಾಹೀರಾತಿಗೆ ಬಳಸದಿರುವ ಬಗ್ಗೆ.

ಉಲ್ಲೇಖ:
1) ಮಿರ್ಲೆಯ 'ಧರ್ಮ ಸೌಂಡ್ಸ್' ಮಾಲೀಕ ಶ್ರೀ ಧರ್ಮೇಂದ್ರ ಅವರ ವಾಟ್ಸ್‌ಆ್ಯಪ್ ಸ್ಟೇಟಸ್ (ಈಗ ಅಳಿಸಲಾಗಿದೆ, ಆದರೆ ನೋಡಬಾರದವರೆಲ್ಲ ನೋಡಿಯಾಗಿದೆ).
2) ಸದರಿಯವರ ಮಾವ, ಎನ್. ಬೇಗೂರಿನ ಶ್ರೀ ಕರಿಯಪ್ಪ ಅವರ ದೂರವಾಣಿ ದೂರು (ಬರೆಯಲಾಗದ ಪದಗಳನ್ನು ಕೈಬಿಟ್ಟು).

ಆಷಾಢ, ಪಿತೃಪಕ್ಷ ಹಾಗೂ ಧನುರ್ಮಾಸಗಳಲ್ಲಿ ಮದುವೆ ನಡೆಯುವುದಿಲ್ಲ ಎಂಬ ಸಂಗತಿಯು ಮಂಡಳಿಯ ಸದಸ್ಯರಿಗೆ ಪ್ರತಿವರ್ಷವೂ ಹೊಸದಾಗಿ ತಿಳಿದುಬರುತ್ತಿದೆ. ಮದುವೆ ತಿಂಗಳಲ್ಲಿ ಫೋನ್ ಎತ್ತಲೂ ಪುರಸೊತ್ತಿಲ್ಲವೆಂದು ಮೆರೆಯುವವರು ಆಷಾಢ ಹುಟ್ಟುತ್ತಿದ್ದಂತೆ ಕಂಡಕಂಡವರಿಗೆ ಫೋನ್ ಮಾಡಿ ಮಂಡಳಿಯ ಮಾನ ತೆಗೆಯುತ್ತಿದ್ದಾರೆ. ಹೇಳಿ ಹೇಳಿ ನಾಲಿಗೆ ಸವೆದಿರುವುದರಿಂದ ಈ ಕೆಳಕಂಡಂತೆ ಲಿಖಿತವಾಗಿ ಸೂಚಿಸಲಾಗಿದೆ.

1. ಬೇಸ್ ಬಾಕ್ಸಿನ ಮೇಲೆ ಮನೆಯವರು ಮೊದಲ ಬಾರಿಗೆ ಒದ್ದೆ ಬಟ್ಟೆ ಹರಡಿದ ದಿನವನ್ನು ಖಾಲಿ ಅವಧಿಯ ಆರಂಭವೆಂದು ಪರಿಗಣಿಸತಕ್ಕದ್ದು. ಬಾಕ್ಸಿನೊಳಗೆ ಕೋಳಿ ಕಾವಿಗೆ ಕೂತಲ್ಲಿ ಅವಧಿಯು ಮರಿ ಆಗುವವರೆಗೆ ವಿಸ್ತರಣೆಗೊಳ್ಳುತ್ತದೆ.

2. ಸದರಿ ಅವಧಿಯಲ್ಲಿ ಹುಟ್ಟುಹಬ್ಬ, ಕಿವಿ ಚುಚ್ಚುವುದು, ಹೊಸ ಟ್ರ್ಯಾಕ್ಟರ್ ಪೂಜೆ, ಕೊಳವೆಬಾವಿಯಲ್ಲಿ ನೀರು ಬಿದ್ದದ್ದು ಇತ್ಯಾದಿಗಳಿಗೆ ಬುಕಿಂಗ್ ಕೇಳಬಹುದು. ಕೊಳವೆಬಾವಿಯ ವಿಷಯದಲ್ಲಿ ನೀರು ಬಿದ್ದ ನಂತರವೇ ಕೇಳತಕ್ಕದ್ದು. ಲಾರಿ ಕೊರೆಯುತ್ತಿರುವಾಗಲೇ ಪಕ್ಕದಲ್ಲಿ ಬಾಕ್ಸ್ ಇಳಿಸಿಕೊಂಡು ನಿಲ್ಲುವುದನ್ನು ಅಪಶಕುನವೆಂದು ರೈತರು ಆಕ್ಷೇಪಿಸಿರುತ್ತಾರೆ.

3. ಹಿರಿಯರ ಆರೋಗ್ಯ ವಿಚಾರಿಸುವುದು ಒಳ್ಳೆಯ ಸಂಸ್ಕಾರವೇ ಆಗಿದ್ದರೂ, ಡಿ.ಜೆ. ಮಾಲೀಕರು ಒಂದು ಮನೆಯಲ್ಲಿ ಒಂದು ಬಾರಿ ಮಾತ್ರ ವಿಚಾರಿಸತಕ್ಕದ್ದು. "ಅಜ್ಜ ಗಟ್ಟಿಮುಟ್ಟಾಗವ್ರೆ" ಎಂಬ ಉತ್ತರ ಬಂದಲ್ಲಿ ಮುಖ ಸಣ್ಣ ಮಾಡಿಕೊಳ್ಳತಕ್ಕದ್ದಲ್ಲ.

4. ಭೇರ್ಯದ ಸದಸ್ಯರಾದ ಶ್ರೀ ಕಿರಣ್‌ಕುಮಾರ್ ಅವರು ಎಮ್ಮೆ ಕರು ಹಾಕಿದ ಮನೆಗೆ ತೆರಳಿ, ನಾಮಕರಣಕ್ಕೆ ಸಣ್ಣದೊಂದು ಸೆಟ್ ಹಾಕುವುದಾಗಿ ಒಪ್ಪಿಸಿ, ಕೊಟ್ಟಿಗೆಯ ಮುಂದೆಯೇ ಬೇಸ್ ಪರೀಕ್ಷಿಸಿರುತ್ತಾರೆ. ಎಮ್ಮೆಯು ಮೂರು ಹೊತ್ತು ಹಾಲು ಕೊಟ್ಟಿರುವುದಿಲ್ಲ. ಇನ್ನು ಮುಂದೆ ಯಾವುದೇ ಜಾನುವಾರಿನ ಶುಭಕಾರ್ಯಕ್ಕೆ ಹೋಗುವ ಮುನ್ನ ಸಂಬಂಧಪಟ್ಟ ಜಾನುವಾರಿನ ಒಪ್ಪಿಗೆ ಕಡ್ಡಾಯ.

5. ಇಷ್ಟಕ್ಕೇ ನಿಂತಿದ್ದರೆ ಈ ಸುತ್ತೋಲೆಯ ಅಗತ್ಯವೇ ಇರಲಿಲ್ಲ. ಆದರೆ ಶ್ರೀ ಧರ್ಮೇಂದ್ರ ಅವರಿಗೆ ಬುದ್ಧಿ ಓಡಿಬಿಟ್ಟಿತು.
(ಅ) ಸದರಿಯವರಿಗೆ ಇದು ಮದುವೆಯಾದ ಮೇಲಿನ ಮೊದಲ ಆಷಾಢ. ಹೊಸ ಸೊಸೆಯು ಆಷಾಢದಲ್ಲಿ ಅತ್ತೆಮನೆಯಲ್ಲಿ ಇರಬಾರದೆಂಬ ಪದ್ಧತಿಯಂತೆ, ಹೆಂಡತಿ ಶ್ರೀಮತಿ ಸುಕನ್ಯ ಅವರನ್ನು ಕರೆದೊಯ್ಯಲು ತಂದೆ ಕರಿಯಪ್ಪನವರು ಜೀಪು ಮಾಡಿಕೊಂಡು ಮಿರ್ಲೆಗೆ ಬಂದಿರುತ್ತಾರೆ.
(ಆ) ಊರೂರಿನಲ್ಲೂ ಹೊಸ ಸೊಸೆಯರು ಹೀಗೆ ತವರಿಗೆ ಹೊರಡುವುದರಿಂದ, ಹೊರಟವರಿಗೆಲ್ಲ ಡಿ.ಜೆ. ಹಾಕಿದರೆ ಆಷಾಢವಿಡೀ ಬುಕಿಂಗ್ ಎಂದು ಧರ್ಮೇಂದ್ರ ಅವರು ಲೆಕ್ಕ ಹಾಕಿರುತ್ತಾರೆ. ಮಾದರಿ ಪ್ರದರ್ಶನವನ್ನು ಮನೆಯಿಂದಲೇ ಆರಂಭಿಸಿರುತ್ತಾರೆ.
(ಇ) ಅಂದರೆ ಜೀಪಿನ ಮುಂದೆ ಪಿಕಪ್, ಅದರ ತುಂಬ ಬಾಕ್ಸು, ಬಣ್ಣದ ಲೈಟು, ಹೊಗೆ ಬಿಡುವ ಯಂತ್ರ. ಪಕ್ಕದಲ್ಲಿ ಹೆಂಡತಿಯ ಮದುವೆ ಫೋಟೊ ಹಾಕಿದ ಫ್ಲೆಕ್ಸ್: "ಆಷಾಢ ಸ್ಪೆಷಲ್! ತವರಿಗೆ ಕಳಿಸಲು ನಮ್ಮನ್ನೇ ಕರೆಯಿರಿ!" ಊರ ಹುಡುಗರು ಬಿಟ್ಟಾರೆಯೇ? ಬಸ್ ನಿಲ್ದಾಣದವರೆಗೂ ಕುಣಿದಿರುತ್ತಾರೆ. ಅದರ ವಿಡಿಯೊವೇ ಉಲ್ಲೇಖ 1ರ ಸ್ಟೇಟಸ್.

6. ಒಂದು ಮನೆಯಿಂದ ಹೆಣ್ಣುಮಗಳು ಹೊರಡುವಾಗ ಆ ಮನೆಯ ಗಂಡಸು ಡಿ.ಜೆ. ಹಾಕಿದರೆ ನೋಡಿದವರು ಏನೆಂದುಕೊಳ್ಳುತ್ತಾರೆಂಬ ಸಣ್ಣ ವಿಚಾರವು ಸದರಿಯವರ ತಲೆಗೆ ಹೊಳೆದಿಲ್ಲ. ಹೊಳೆದದ್ದು ಅವರ ತಾಯಿ ಚಿಕ್ಕಸಿದ್ದಮ್ಮನವರಿಗೆ. "ಲೇ ಧರ್ಮಾ, ಅದ್ರ ಬಾಯ್ ಮುಚ್ಚಲಾ! ನಾನೇನು ಸೊಸೇನ ಓಡಿಸ್ತಿದ್ದೀನಾ? ಊರೋರು ನನ್ ಮುಖಕ್ಕೆ ಉಗೀತಾರೆ ಕಣ್ಲಾ!" ಎಂದು ಅವರು ಪಿಕಪ್ ಹಿಂದೆ ಓಡಿದ್ದು, ಸೌಂಡಿನಲ್ಲಿ ಯಾರಿಗೂ ಕೇಳಿಸಿರುವುದಿಲ್ಲ. ಅವರೂ ಕುಣಿಯಲು ಬಂದರೆಂದು ತಿಳಿದು ಹುಡುಗರು ದಾರಿ ಬಿಟ್ಟುಕೊಟ್ಟಿರುತ್ತಾರೆ.

7. ಅಂದು ಸಂಜೆ ಕರಿಯಪ್ಪನವರು ಮಂಡಳಿಗೆ ಕರೆ ಮಾಡಿ, "ನನ್ ಮಗ್ಳು ಮನೆ ಬುಟ್ಟು ವೊಂಟ್ಳು ಅಂತ ಊರ್ಗೂರೇ ಕುಣೀತಲ್ರೀ! ನಾವು ಎಣ್ಣು ಕೊಟ್ಟಿದ್ವಾ, ಪೀಡೆ ಕೊಟ್ಟಿದ್ವಾ? ಇನ್ನ ಕಳ್ಸಾಕಿಲ್ಲ. ಅದೇನ್ ಕಿತ್ಕೊಂತೀರೋ ಕಿತ್ಕೊಳ್ಳಿ" ಎಂದು ತಿಳಿಸಿರುತ್ತಾರೆ. ಶ್ರೀಮತಿ ಸುಕನ್ಯ ಅವರು ಗಂಡನ ಕರೆ ಸ್ವೀಕರಿಸುವುದನ್ನು ಅಂದಿನಿಂದಲೇ ನಿಲ್ಲಿಸಿರುತ್ತಾರೆ. ಸುದ್ದಿ ನಾಲ್ಕೂ ತಾಲ್ಲೂಕಿಗೆ ಹಬ್ಬಿ, ಹೆಣ್ಣು ಹೆತ್ತವರು ನಮ್ಮ ಸದಸ್ಯರನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದ್ದಾರೆ. ಶ್ರಾವಣದ ಬುಕಿಂಗಿಗೂ ಕಲ್ಲು ಬಿದ್ದಿದೆ. ಧರ್ಮೇಂದ್ರ ಅವರಿಗೆ ಮಾತ್ರ ಬುಕಿಂಗಿನ ಚಿಂತೆ ಹೋಗಿ, ಹೆಂಡತಿ ಬರುತ್ತಾಳೋ ಇಲ್ಲವೋ ಎಂಬ ಒಂದೇ ಚಿಂತೆ ಉಳಿದಿರುತ್ತದೆ. ಸದರಿಯವರು ಮಂಡಳಿಯ ಕಚೇರಿಗೆ ಬಂದು ಅತ್ತಿದ್ದು, ಕಚೇರಿ ವೇಳೆಯಲ್ಲಿ ಅಳುವುದಕ್ಕೆ ಅವಕಾಶವಿಲ್ಲದಿದ್ದರೂ ವಿಶೇಷ ಪ್ರಕರಣವೆಂದು ಅನುಮತಿಸಲಾಯಿತು.

8. ಆದ್ದರಿಂದ ಇನ್ನು ಮುಂದೆ ಹೆಂಡತಿಯನ್ನು ತವರಿಗೆ ಕಳುಹಿಸುವ ಸದಸ್ಯರು:
(ಅ) ಯಾವುದೇ ಹಾಡು ಹಾಕತಕ್ಕದ್ದಲ್ಲ. ಮಾವನವರ ವಾಹನದಲ್ಲೇ ಹಾಡು ಬರುತ್ತಿದ್ದಲ್ಲಿ ತಾಳ ಹಾಕತಕ್ಕದ್ದಲ್ಲ.
(ಆ) ವಾಹನವು ಊರು ದಾಟುವವರೆಗೆ ಮುಖದಲ್ಲಿ ದುಃಖವನ್ನು ಕಾಪಾಡಿಕೊಂಡು ಬರತಕ್ಕದ್ದು.
(ಇ) ಕೈ ಬೀಸತಕ್ಕದ್ದು. ಬೀಸುವ ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಇರತಕ್ಕದ್ದಲ್ಲ. ಈ ಉಪಕಲಮಿನ ಕಾರಣವನ್ನು ಕಲಂ 10ರಲ್ಲಿ ನೋಡುವುದು.

9. ಪ್ರಕರಣ ಇತ್ಯರ್ಥಪಡಿಸಲು ಭೀಮನ ಅಮಾವಾಸ್ಯೆಯಂದು ಧರ್ಮೇಂದ್ರ ಅವರೊಂದಿಗೆ ಎನ್. ಬೇಗೂರಿಗೆ ತೆರಳುವಂತೆ ಕೆಳಗೆ ಸಹಿ ಮಾಡಿರುವ ನನಗೆ ಸೂಚಿಸಲಾಯಿತು. ಪಿಕಪ್ ತರುವಂತಿಲ್ಲವೆಂದು ಆದೇಶಿಸಿ, ಸರ್ಕಾರಿ ಬಸ್ಸಿನಲ್ಲಿ ಕರೆದೊಯ್ಯಲಾಯಿತು. ಆ ದಿನ ಹೆಂಡತಿಯು ಗಂಡನ ಪಾದ ತೊಳೆದು ಪೂಜೆ ಮಾಡುವ ಪದ್ಧತಿ ಇರುವುದರಿಂದ ಕರಿಯಪ್ಪನವರು ಅಳಿಯನನ್ನು ಹೊರಗೆ ಹಾಕಲಾಗದೆ, ಜಗಲಿಯ ಮೇಲೆ ಬೆನ್ನು ತಿರುಗಿಸಿಕೊಂಡು ಕುಳಿತಿದ್ದರು. ಅತ್ತೆ ರುಕ್ಮಿಣಮ್ಮನವರು, "ಕ್ವಾಪ ಎಷ್ಟಾರ ಇರ್ಲಿ, ಪೂಜೆ ತೆಪ್ಪಿಸ್ಬಾರ್ದು ಕಣವ್ವ" ಎಂದು ಮಗಳಿಗೆ ಬುದ್ಧಿ ಹೇಳಿದರು. ಮಗಳು, "ಪಾದ ತೊಳೀತೀನಿ. ಮಾತಾಡ್ಸಲ್ಲ" ಎಂದು ಆದೇಶ ಹೊರಡಿಸಿದರು.

10. ಸೌಂಡ್ ಹಾಕಿದ್ದು ತಪ್ಪಾಯಿತೆಂದು ಮಂಡಳಿಯ ಪರವಾಗಿ ವಿಷಾದಿಸಲು ಹೋದಾಗ ಶ್ರೀಮತಿ ಸುಕನ್ಯ ಅವರು ನೀಡಿದ ಹೇಳಿಕೆ: "ಸೌಂಡ್ ಆಕಿದ್ದಕ್ಕೆ ನಂಗೇನ್ ಬೇಜಾರಿಲ್ಲ ಕಣಣ್ಣ. ನಾನೂ ಡಿ.ಜೆ. ಎಂಡ್ತೀನೆ. ಬಸ್ ಸ್ಟ್ಯಾಂಡ್ ತಿರುವಲ್ಲಿ ತಿರುಗಿ ನೋಡ್ದೆ. ಕೈ ಬೀಸ್ತಾರೆ ಅಂದ್ಕೊಂಡಿದ್ದೆ. ಕಾರ್ಡ್ ಅಂಚ್ತಾ ನಿಂತಿದ್ರು." ಸದರಿ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿಕೊಳ್ಳಲಾಯಿತು.

11. ತರುವಾಯ ಸದರಿಯವರನ್ನು ಮಣೆಯ ಮೇಲೆ ಕೂರಿಸಿ, ತಟ್ಟೆಯಲ್ಲಿ ಪಾದ ಇಡಿಸಿ, ಶ್ರೀಮತಿ ಸುಕನ್ಯ ಅವರು ನೀರಿನ ಚೊಂಬು ತಂದು ಮುಂದಿಟ್ಟು ಕುಳಿತರು. ಆ ಹೊತ್ತಿಗೆ ಸರಿಯಾಗಿ ಧರ್ಮೇಂದ್ರ ಅವರ ಅಂಗಿ ಜೇಬಿನ ಫೋನ್ ಹೊಡೆದುಕೊಂಡಿತು. ಗುರುತಿಲ್ಲದ ಸಂಖ್ಯೆ. ಶ್ರಾವಣ ನಾಳೆಗೆ ಹುಟ್ಟುವುದರಿಂದ ಅದು ಬುಕಿಂಗೇ ಎಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಜಗಲಿಯಿಂದ ಕರಿಯಪ್ಪನವರೂ ತಿರುಗಿ ನೋಡಿದರು. ಧರ್ಮೇಂದ್ರ ಅವರು ಫೋನನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿ, ಹೊಡೆದುಕೊಳ್ಳುತ್ತಿದ್ದ ಫೋನನ್ನು ಹಾಗೇ ಚೊಂಬಿನೊಳಗೆ ಬಿಟ್ಟುಬಿಟ್ಟರು.

12. "ಅಯ್ಯೋ ನಿಮ್ ತಲೆ ಕಾಯ! ಬುಕಿಂಗ್ ಕಣ್ರೀ ಅದು! ತೆಗೀರಿ!" ಎಂದು ಶ್ರೀಮತಿ ಸುಕನ್ಯ ಅವರು ಕಿರುಚಿ, ತಾವೇ ಚೊಂಬಿಗೆ ಕೈ ಹಾಕಿ ಫೋನ್ ಎತ್ತಿ ಸೆರಗಿನಲ್ಲಿ ಒರೆಸಿ, "ಅವ್ವಾ, ಅಕ್ಕಿ ಡಬ್ಬ ತಗಂಬಾ!" ಎಂದು ಕೂಗಿದರು. ಆಮೇಲೆ ನಗು ತಡೆಯಲಾಗದೆ, ಅಳುವನ್ನೂ ತಡೆಯಲಾಗದೆ, ಗಂಡನ ಪಾದದ ಮೇಲೆ ಚೊಂಬಿನ ನೀರು ಪೂರಾ ಸುರಿದರು. ಇದರೊಂದಿಗೆ 'ಮಾತಾಡ್ಸಲ್ಲ' ಎಂಬ ಕಲಂ 9ರ ಆದೇಶವು ರದ್ದಾಗಿರುತ್ತದೆ.

13. ಶ್ರೀಮತಿ ಸುಕನ್ಯ ಅವರು ಬರುವ ಶುಕ್ರವಾರ ಮಿರ್ಲೆಗೆ ಮರಳಲಿದ್ದಾರೆ. ಅಂದಿನಿಂದ 'ಧರ್ಮ ಸೌಂಡ್ಸ್' ಬುಕಿಂಗುಗಳನ್ನು ಅವರೇ ತೆಗೆದುಕೊಳ್ಳುವರು. ಧರ್ಮೇಂದ್ರ ಅವರಿಗೆ ಇನ್ನು ಮುಂದೆ ಯಾವುದೇ ಹೊಸ ಐಡಿಯಾ ಹೊಳೆದಲ್ಲಿ ಹೆಂಡತಿಯ ಪೂರ್ವಾನುಮತಿ ಪಡೆಯತಕ್ಕದ್ದು. ನೀರು ಹೀರಲೆಂದು ಅಕ್ಕಿಯಲ್ಲಿಟ್ಟಿರುವ ಫೋನ್ ಈ ಸುತ್ತೋಲೆ ಹೊರಡುವವರೆಗೆ ಜೀವ ಬಿಟ್ಟಿರುವುದಿಲ್ಲ, ಪಡೆದುಕೊಂಡೂ ಇರುವುದಿಲ್ಲ.

ಮಂಡಳಿಯ ಆದೇಶಾನುಸಾರ,
(ಸಹಿ)
ಉಮಾಶಂಕರ
ಸದಸ್ಯ ಕಾರ್ಯದರ್ಶಿ, ಬುಕಿಂಗ್ ಇಲ್ಲದ ದಿನಗಳ ವಿಭಾಗ

ಪ್ರತಿಗಳು:
1) ನಾಲ್ಕೂ ತಾಲ್ಲೂಕಿನ ಸದಸ್ಯರಿಗೆ: ಓದಿ, ಹೆಂಡತಿಗೂ ಓದಿ ಹೇಳುವುದು.
2) ಶ್ರೀ ಕರಿಯಪ್ಪ, ಎನ್. ಬೇಗೂರು: ಕ್ಷಮೆ ಕೋರಿ.
3) ಶ್ರೀಮತಿ ಚಿಕ್ಕಸಿದ್ದಮ್ಮ, ಮಿರ್ಲೆ: ಅವರು ಕುಣಿಯಲಿಲ್ಲ, ಬೈಯುತ್ತಿದ್ದರು ಎಂದು ದೃಢೀಕರಿಸಿ.
4) ಭೇರ್ಯದ ಎಮ್ಮೆಯ ಮಾಲೀಕರಿಗೆ: ಮಾಹಿತಿಗಾಗಿ.
5) ಪೂಜೆಯ ಹೊತ್ತಿನಲ್ಲಿ ಕರೆ ಮಾಡಿದ ಗುರುತಿಲ್ಲದ ಮಹನೀಯರಿಗೆ: ತಾವು ಯಾರೇ ಆಗಿರಿ, ಎಲ್ಲೇ ಇರಿ, ದಯಮಾಡಿ ಶ್ರೀಮತಿ ಸುಕನ್ಯ ಅವರ ಸಂಖ್ಯೆಗೆ ಇನ್ನೊಂದು ಸಲ ಕರೆ ಮಾಡಬೇಕೆಂದು ಕೈಮುಗಿದು ಕೋರಿ.